ಕೆಲಸ ಕಲಿತದ್ದಕ್ಕೆ ಸಾಕ್ಷಿ ಯಾವುದು?

ತರಬೇತಿ ಮುಗಿದ ದಿನ ಎಲ್ಲ ತರಬೇತಿಗಳೂ ಯಶಸ್ವಿಯೇ. ವೇದಿಕೆಯಲ್ಲಿ ಸಮಾರೋಪ ಭಾಷಣ, ಕೈಯಲ್ಲಿ ಪ್ರಮಾಣಪತ್ರ, ಸಾಲಾಗಿ ನಿಂತು ತೆಗೆಸಿಕೊಂಡ ಫೋಟೊ, ಊಟಕ್ಕೆ ಏಳುವ ಮುನ್ನ ಹಂಚಿದ ಅಭಿಪ್ರಾಯ ಪತ್ರದಲ್ಲಿ ‘ಬಹಳ ಉಪಯುಕ್ತ’ ಎಂಬಲ್ಲಿ ಒಂದು ಗೀಟು. ಊಟ ಹಾಕಿಸುವವರ ಎದುರೇ ಕೂತು ಬೇರೇನು ಬರೆಯಲು ಸಾಧ್ಯ? ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯ ಮೌಲ್ಯಮಾಪನಕ್ಕೆ ನಾಲ್ಕು ಮೆಟ್ಟಿಲು ಗುರುತಿಸಿದ್ದರು: ಬಂದವರಿಗೆ ಹಿಡಿಸಿತೇ, ಏನಾದರೂ ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ, ಬಳಸಿದ್ದರಿಂದ ಫಲ ಬಂತೇ. ನಾವು ನೋಡುವ ವರದಿಗಳು ಹೆಚ್ಚಾಗಿ ಮೊದಲ ಮೆಟ್ಟಿಲಲ್ಲೇ ಕೂತುಬಿಡುತ್ತವೆ. ಎಷ್ಟು ಜನ ಬಂದರು, ಎಷ್ಟು ದಿನ ಕೂತರು, ಎಷ್ಟು ಖರ್ಚಾಯಿತು ಎಂಬಲ್ಲಿಗೆ ಅವುಗಳ ಮಾತು ಮುಗಿಯುತ್ತದೆ.

ನಿರಾಶ್ರಿತರು ಬಂದು ನೆಲೆಸಿದ ಊರುಗಳಲ್ಲಿ ಈ ಪ್ರಶ್ನೆ ಇನ್ನೂ ತೊಡಕಿನದು. 2016ರ ಆಸುಪಾಸಿನಿಂದ ಜೋರ್ಡಾನ್, ಲೆಬನಾನ್‌ಗಳಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸಿರಿಯಾದ ನಿರಾಶ್ರಿತರನ್ನೂ ಸ್ಥಳೀಯ ಬಡವರನ್ನೂ ಒಂದೇ ಕೆಲಸಕ್ಕೆ ಹಚ್ಚಿತು. ಯಂತ್ರದಿಂದ ಒಂದು ವಾರದಲ್ಲಿ ಮುಗಿಯುವ ರಸ್ತೆಯನ್ನು ಕೈಗಳಿಂದ ತಿಂಗಳುಗಟ್ಟಲೆ ಮಾಡಿಸುವುದು, ಅದಕ್ಕಾಗಿ ಕೂಲಿಗಾರರಿಗೆ, ಸಣ್ಣ ಗುತ್ತಿಗೆದಾರರಿಗೆ, ಎಂಜಿನಿಯರುಗಳಿಗೆ ತರಬೇತಿ ಕೊಡುವುದು ಅದರ ದಾರಿ. ರಸ್ತೆಯೂ ಆಗಬೇಕು, ಕೂಲಿಯೂ ಸಿಗಬೇಕು, ಬಂದವರಿಗೂ ಇದ್ದವರಿಗೂ ಹೊಂದಿಕೆಯೂ ಆಗಬೇಕು. ಮೂರು ಆಸೆ ಹೊತ್ತ ತರಬೇತಿಯನ್ನು ಒಂದೇ ಅಳತೆಗೋಲಿನಿಂದ ಅಳೆಯುವುದು ಹೇಗೆ?

ನನ್ನ ವಾದ ಸರಳ. ಕಟ್ಟಿದ್ದು ಕೆಟ್ಟ ದಿನ ಅದನ್ನು ಯಾರು ದುರಸ್ತಿ ಮಾಡುತ್ತಾರೆ, ಯಾವ ಹಕ್ಕಿನಿಂದ ಮಾಡುತ್ತಾರೆ ಎಂಬುದೇ ಅಂಥ ತರಬೇತಿಗೆ ನಿಜವಾದ ಪರೀಕ್ಷೆ. ಉಳಿದದ್ದೆಲ್ಲ ಹಾಜರಿ.

ಆನೆಗೊಂದಿಯಲ್ಲಿ ಕೂತು ಹೀಗೆ ವಾದಿಸಲು ಕಾರಣವಿದೆ. ನಮ್ಮ ಗದ್ದೆಗಳಿಗೆ ಇವತ್ತಿಗೂ ನೀರು ತರುವುದು ವಿಜಯನಗರ ಕಾಲದ ಕಾಲುವೆ. ತುಂಗಭದ್ರಾ ಹೊಳೆಗೆ ಅಡ್ಡಲಾಗಿ ದೊಡ್ಡ ಬಂಡೆಗಳನ್ನು ಜೋಡಿಸಿ ಕಟ್ಟಿದ ಅಣೆ, ಅಲ್ಲಿಂದ ಗುಡ್ಡದ ಬುಡ ಹಿಡಿದು ಇಳಿಜಾರು ತಪ್ಪದೆ ಹೊರಟ ನೀರು. ಅದನ್ನು ಕಟ್ಟಿದವರಿಗೆ ಯಾರು ಕಲಿಸಿದರು ಎಂಬುದಕ್ಕೆ ದಾಖಲೆಯಿಲ್ಲ. ಆದರೆ ಹೂಳು ತುಂಬಿದಾಗ ತೆಗೆಯುವವರು, ಅಣೆಯ ಕಲ್ಲು ಜಾರಿದಾಗ ಕೂರಿಸುವವರು ತಲೆಮಾರಿನಿಂದ ತಲೆಮಾರಿಗೆ ಇದ್ದರು ಎಂಬುದಕ್ಕೆ ಹರಿಯುವ ನೀರೇ ದಾಖಲೆ. ಅದೇ ಹೊಳೆಗೆ ನಮ್ಮ ಕಾಲದಲ್ಲಿ ಆನೆಗೊಂದಿಯಿಂದ ತಳವಾರಘಟ್ಟಕ್ಕೆ ಸೇತುವೆ ಕಟ್ಟಲು ಹೊರಟೆವು. ಹಂಪಿಯ ಸ್ಮಾರಕಗಳಿಗೆ ಧಕ್ಕೆಯೆಂದು ಆಕ್ಷೇಪ ಎದ್ದಿತು, 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು, ಕೆಲಸ ವರ್ಷಗಟ್ಟಲೆ ನಿಂತಿತು. ಮತ್ತೆ ಶುರುವಾಗಿ, ಪೂರ್ತಿಯಾಗುವ ಮೊದಲೇ 2009ರ ಜನವರಿಯಲ್ಲಿ ಕುಸಿದು ಅಲ್ಲಿ ದುಡಿಯುತ್ತಿದ್ದ ಕೂಲಿಕಾರರ ಪ್ರಾಣ ತೆಗೆಯಿತು. ಆ ಸೇತುವೆ ಸೃಷ್ಟಿಸಿದ ಮಾನವ ದಿನಗಳನ್ನು ಯಾವ ಕಾಲಂನಲ್ಲಿ ಬರೆಯೋಣ?

ಬಂದವರನ್ನು ಇಟ್ಟುಕೊಂಡ ಅನುಭವವೂ ಈ ಸೀಮೆಗೆ ಕಡಿಮೆಯಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಜೋಳ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಅವರು ದುಡ್ಡು ಕೊಟ್ಟು ಭೂಮಿ ಕೊಂಡು ಬಂದವರು, ನಿರಾಶ್ರಿತರಲ್ಲ. ಅವರ ಬೆನ್ನಿಗೇ, ಎಪ್ಪತ್ತರ ದಶಕದ ಹೊಸ್ತಿಲಲ್ಲಿ, ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಕುಟುಂಬಗಳನ್ನೂ ಬರ್ಮಾದಿಂದ ಮರಳಿದವರನ್ನೂ ಸರ್ಕಾರ ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಗೊಳಿಸಿತು. ಜನರ ಬಾಯಲ್ಲಿ ಅವು ಇವತ್ತಿಗೂ ಆರ್.ಎಚ್. ಕ್ಯಾಂಪುಗಳು.

ಇದೇ ಪೂರ್ವ ಬಂಗಾಳದ ಇನ್ನೊಂದು ದೊಡ್ಡ ಗುಂಪನ್ನು ಕೇಂದ್ರ ಸರ್ಕಾರ 1958ರಲ್ಲಿ ಶುರುವಾದ ದಂಡಕಾರಣ್ಯ ಯೋಜನೆಗೆ ಕಳಿಸಿತ್ತು. ಅಲ್ಲಿ ಕಾಡು ಕಡಿಯುವ, ರಸ್ತೆ ಹಾಕುವ, ಕೆರೆ ಕಟ್ಟುವ ಕೆಲಸಕ್ಕೆ ನಿರಾಶ್ರಿತರನ್ನೇ ಹಚ್ಚಿದರು. ಕಡಿದ ಎಕರೆ, ಹಾಕಿದ ಮೈಲಿ ಎಲ್ಲಕ್ಕೂ ಲೆಕ್ಕವಿತ್ತು. ಆದರೂ 1978ರಲ್ಲಿ ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿ ಸುಂದರಬನದ ಕಡೆ ಹೊರಟುಬಿಟ್ಟವು. ಮರಿಚ್‌ಝಾಪಿ ದ್ವೀಪದಿಂದ ಅವರನ್ನು ಮರುವರ್ಷ ಬಲವಂತವಾಗಿ ಎಬ್ಬಿಸಿದ್ದು ಬೇರೆಯೇ ದುರಂತ. ಆ ಯೋಜನೆಯ ಮೌಲ್ಯಮಾಪನವನ್ನು ಅದರ ಫಲಾನುಭವಿಗಳೇ ಬರೆದರು, ಕಾಲಿನಿಂದ ಬರೆದರು. ಸಿಂಧನೂರಿನವರು ಉಳಿದರು. ಅದಕ್ಕೆ ಕಾರಣ ಒಂದೇ ಎಂದು ಹೇಳುವಂತಿಲ್ಲ. ಆದರೆ ನೀರು ನಿಂತ ಗದ್ದೆಯಲ್ಲಿ ನಾಟಿ ಮಾಡಿ ಗೊತ್ತಿದ್ದವರಿಗೆ ದಂಡಕಾರಣ್ಯದ ಒಣ ಕಲ್ಲುನೆಲ ಪರಕೀಯವಾಗಿತ್ತು, ಎಡದಂಡೆ ಕಾಲುವೆಯ ಭೂಮಿ ಅಷ್ಟು ಪರಕೀಯವಾಗಿರಲಿಲ್ಲ. ಏನು ಕಲಿಸಬೇಕು ಎಂಬುದಕ್ಕಿಂತ ಮುಂಚೆ ಬಂದವರಿಗೆ ಏನು ಗೊತ್ತಿದೆ ಎಂದು ಕೇಳಬೇಕಿತ್ತು. ಆ ಪ್ರಶ್ನೆಗೆ ನಮ್ಮ ಅಭಿಪ್ರಾಯ ಪತ್ರಗಳಲ್ಲಿ ಇವತ್ತಿಗೂ ಜಾಗವಿಲ್ಲ.

ಇನ್ನೊಂದು ಉದಾಹರಣೆ ಬೈಲುಕುಪ್ಪೆಯದು. 1960ರಲ್ಲಿ ಬಿ.ಡಿ. ಜತ್ತಿಯವರ ಕಾಲದ ಮೈಸೂರು ಸರ್ಕಾರ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕೊಟ್ಟಾಗ, ಅಲ್ಲಿಗೆ ಬಂದ ಅನೇಕರು ಹಿಮಾಲಯದ ರಸ್ತೆ ಕೆಲಸಗಳಲ್ಲಿ ಕಲ್ಲು ಒಡೆದು ಬಂದವರು. ಇಲ್ಲಿ ಕಾಡು ಸವರಿ ಮನೆ, ಹೊಲ, ದಾರಿ ಮಾಡಿಕೊಂಡರು. 1968ರಲ್ಲಿ ಟಿಬೆಟನ್ನರ ಪುನರ್ವಸತಿಗೆಂದೇ ಹುಟ್ಟಿದ ಮೈರಾಡಾ ಸಂಸ್ಥೆ ಮುಂದೆ ತನ್ನ ದಾರಿಯನ್ನು ಸುತ್ತಲ ಕನ್ನಡದ ಬಡವರ ಕಡೆ ತಿರುಗಿಸಿತು. ಎಂಬತ್ತರ ದಶಕದಲ್ಲಿ ಅದು ಕಟ್ಟಿದ ಸಣ್ಣ ಉಳಿತಾಯ ಗುಂಪುಗಳಿಗೆ 1987ರಲ್ಲಿ ನಬಾರ್ಡ್ ನೆರವು ಕೊಟ್ಟಿತು, 1992ರ ಹೊತ್ತಿಗೆ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ದೇಶವ್ಯಾಪಿ ಪ್ರಯೋಗ ಶುರುವಾಯಿತು. ನಿರಾಶ್ರಿತರಿಗಾಗಿ ಶುರುವಾದ ಸಂಸ್ಥೆಯ ಫಲ ಆಶ್ರಯ ಕೊಟ್ಟವರ ಮನೆ ತಲುಪಲು ಇಪ್ಪತ್ತು ವರ್ಷ ಬೇಕಾಯಿತು. 1971ರಲ್ಲಿ ಯಾರಾದರೂ ಮೌಲ್ಯಮಾಪನಕ್ಕೆ ಬಂದಿದ್ದರೆ ಇದರ ಸುಳಿವೂ ಸಿಗುತ್ತಿರಲಿಲ್ಲ.

ಇಲ್ಲಿ ಜಾಣ ಓದುಗರು ತಡೆಯುತ್ತಾರೆ. ಫಲ ಬಂದದ್ದು ತರಬೇತಿಯಿಂದಲೇ ಎಂದು ಹೇಗೆ ಗೊತ್ತು? ಮಳೆ ಚೆನ್ನಾಗಿದ್ದಿರಬಹುದು, ಭತ್ತದ ಬೆಲೆ ಏರಿದ್ದಿರಬಹುದು, ಕಲಿತವರು ಕಲಿಯದೆಯೂ ಕೆಲಸ ಹಿಡಿಯುವಷ್ಟು ಚುರುಕಿದ್ದಿರಬಹುದು. ಈ ಅನುಮಾನ ನ್ಯಾಯವಾದದ್ದೇ. ಅದಕ್ಕೆ ಉತ್ತರ ಮಣ್ಣು ಕೆಲಸದವರ ಹತ್ತಿರ ಇದೆ. ಕೆರೆ ಹೂಳೆತ್ತುವಾಗ ಗುಂಡಿಯನ್ನು ಪೂರ್ತಿ ಅಗೆಯುವುದಿಲ್ಲ. ನಡುವೆ ಒಂದು ಸಣ್ಣ ದಿಬ್ಬವನ್ನು, ತಲೆಯ ಮೇಲಿನ ಹುಲ್ಲಿನ ಸಮೇತ, ಹಾಗೆಯೇ ಬಿಡುತ್ತಾರೆ. ಎಂಜಿನಿಯರ್ ಟೇಪು ಹಿಡಿದು ಬಂದಾಗ ಆ ದಿಬ್ಬದ ಎತ್ತರವೇ ಅಗೆದ ಆಳಕ್ಕೆ ಸಾಕ್ಷಿ. ಹುಲ್ಲು ಇರಬೇಕೆಂಬುದು ಮುಖ್ಯ. ದಿಬ್ಬದ ಮೇಲೆ ಯಾರೋ ಒಂದು ಬುಟ್ಟಿ ಮಣ್ಣು ಸುರಿದು ಆಳವನ್ನು ಹೆಚ್ಚಿಸಿ ತೋರಿಸಿಲ್ಲ ಎಂಬುದಕ್ಕೆ ಅದು ಖಾತ್ರಿ. ಅಳತೆ ಮುಗಿದ ಮೇಲೆ ಅದನ್ನೂ ಅಗೆದುಬಿಡುತ್ತಾರೆ.

ತರಬೇತಿಗೂ ಅಂಥದ್ದೊಂದು ದಿಬ್ಬ ಬೇಕು. ಶುರುವಾಗುವ ಮೊದಲೇ ಊರಿನ ಸ್ಥಿತಿ ಬರೆದಿಡಬೇಕು: ಯಾರಿಗೆ ಯಾವ ಕೆಲಸ ಬರುತ್ತದೆ, ದಿನಗೂಲಿ ಎಷ್ಟು, ಗುಳೆ ಹೋಗುವವರು ಎಷ್ಟು. ತರಬೇತಿ ಎಲ್ಲರಿಗೂ ಒಮ್ಮೆಗೇ ಕೊಡಲಾಗದಿದ್ದರೆ ಈ ವರ್ಷ ಸಿಗದ ಪಕ್ಕದ ಊರಿನಲ್ಲೂ ಅದೇ ಪ್ರಶ್ನೆ ಕೇಳಿ, ಮುಂದಿನ ವರ್ಷ ಅಲ್ಲಿಗೂ ಕೊಡಬೇಕು. ದಿಬ್ಬವನ್ನು ಕೊನೆಗೆ ಅಗೆಯುವಂತೆ ಹೋಲಿಕೆಗೆಂದು ಬಿಟ್ಟವರನ್ನು ಶಾಶ್ವತವಾಗಿ ಬಿಡುವಂತಿಲ್ಲ. ಹಸಿದವರನ್ನು ಅಳತೆಗೋಸ್ಕರ ಹಸಿದೇ ಇರಿಸಿದರೆ ವಿದ್ಯೆಯ ಹೆಸರಿನಲ್ಲಿ ಅನ್ಯಾಯವಾಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಓಡಿಬಂದವರಿಗೆ ಬೇಕಾದದ್ದು ಈ ವಾರದ ಕೂಲಿ. ಅಂಥವರ ಎದುರು ಹತ್ತು ವರ್ಷದ ಮೇಲಿನ ದುರಸ್ತಿಯ ಮಾತಾಡುವುದು ಹೊಟ್ಟೆ ತುಂಬಿದವರ ತತ್ವಜ್ಞಾನವಲ್ಲವೇ? ಕೂಲಿಯ ಮಹತ್ವವನ್ನು ಕುಷ್ಟಗಿ, ಯಲಬುರ್ಗಾದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರು, ಮಂಗಳೂರಿಗೆ ಗುಳೆ ಹೋಗುವ ತಾಲ್ಲೂಕುಗಳವು. ಆದ್ದರಿಂದ ಕೂಲಿ ದಿನಗಳನ್ನು ಎಣಿಸಲೇಬೇಕು. ಆದರೆ ಅದನ್ನು ಪರಿಹಾರವೆಂದು ಕರೆಯಿರಿ, ತರಬೇತಿಯೆಂದು ಕರೆಯಬೇಡಿ. ಒಬ್ಬನ ಕೈಗೆ ಸಲಿಕೆ ಕೊಟ್ಟು ನೂರು ದಿನ ಮಣ್ಣು ಹೊರಿಸಿದರೆ ಅವನಿಗೆ ನೂರು ದಿನದ ಕೂಲಿ ಸಿಗುತ್ತದೆ. ಮಟ್ಟ ನೋಡುವುದು, ಅಳತೆ ಪುಸ್ತಕ ಓದುವುದು, ಕಾಂಕ್ರೀಟಿಗೆ ನೀರೆಷ್ಟು ಎಂದು ಹೇಳುವುದು ಬಂದರೆ ಮಾತ್ರ ನೂರೊಂದನೆಯ ದಿನ ಅವನು ಬೇರೆಯವನಾಗಿರುತ್ತಾನೆ. ಎರಡನ್ನೂ ಒಂದೇ ಅಂಕಿಯಲ್ಲಿ ಸೇರಿಸಿ ಬರೆದಾಗ ಎರಡಕ್ಕೂ ಮೋಸ.

ಕೆಲಸ ಬಂದರಷ್ಟೇ ಸಾಲದು, ಮಾಡಲು ಬಿಡಬೇಕು. 2016ರಲ್ಲಿ ದಾನಿ ದೇಶಗಳ ಜೊತೆ ಮಾಡಿಕೊಂಡ ಒಪ್ಪಂದದ ನಂತರ ಜೋರ್ಡಾನ್ ಸಿರಿಯನ್ನರಿಗೆ ಕೆಲಸದ ಪರವಾನಗಿ ಕೊಟ್ಟಿತು. ಆದರೆ ತೆರೆದ ಬಾಗಿಲು ಹೆಚ್ಚಾಗಿ ಹೊಲ, ಕಟ್ಟಡ, ಕಾರ್ಖಾನೆಯದು. ಎಂಜಿನಿಯರಿಂಗ್‌ನಂಥ ವೃತ್ತಿಗಳು ಮುಚ್ಚಿಯೇ ಉಳಿದವು. ಡಮಾಸ್ಕಸ್‌ನಲ್ಲಿ ಸೇತುವೆಯ ನಕ್ಷೆ ಬರೆದವನಿಗೆ ಕಲ್ಲು ಹೊಂದಿಸುವ ತರಬೇತಿ ಕೊಟ್ಟು ಫಲಾನುಭವಿ ಎಂದು ಎಣಿಸಿದರೆ ಅದನ್ನು ಲಾಭದಲ್ಲಿ ಬರೆಯಬೇಕೋ, ನಷ್ಟದಲ್ಲೋ? 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಸಿಂಧನೂರಿನ ಕ್ಯಾಂಪುಗಳಲ್ಲಿ ಕೆಲವರಿಗೆ ಪೌರತ್ವದ ಪ್ರಮಾಣಪತ್ರ ಕೈಗೆ ಬಂದದ್ದು 2024ರಲ್ಲಿ. ಕಾಗದವಿಲ್ಲದವನು ಎಷ್ಟೇ ನುರಿತ ಮೇಸ್ತ್ರಿಯಾದರೂ ಟೆಂಡರಿನ ಕಿಟಕಿಯ ಎದುರು ಕೂಲಿಯೇ. ಹೀಗಾಗಿ ಕಲಿತವನ ಕೈಯನ್ನು ಮಾತ್ರ ಪರೀಕ್ಷಿಸಿದರೆ ಅರ್ಧ ಪರೀಕ್ಷೆ. ಕಾನೂನು, ಕಚೇರಿ, ಗುತ್ತಿಗೆದಾರ ಮೂವರೂ ಅವನಿಗೆ ಎಷ್ಟು ಜಾಗ ಬಿಟ್ಟರು ಎಂಬುದು ಉಳಿದರ್ಧ. ಆಶ್ರಯ ಕೊಟ್ಟ ಊರಿನ ಕಡೆಯೂ ಇದೇ ಕಣ್ಣಿನಿಂದ ನೋಡಬೇಕು. ಕಾಲುವೆ ಬಂದಾಗ ಅಗ್ಗಕ್ಕೆ ಹೊಲ ಮಾರಿ, ಅದೇ ಹೊಲಕ್ಕೆ ಕೂಲಿಗೆ ಹೋದವರ ನೆನಪು ಈ ಭಾಗದಲ್ಲಿ ಇನ್ನೂ ಹಸಿ. ಊರಿನ ಸರಾಸರಿ ಏರಿದರೂ ಊರಿನ ಬಡವ ಇಳಿದಿರಬಹುದು.

ಹಾಗಾದರೆ ಅಂಕ ಕೊಡುವವರು ಯಾರು? ದುಡ್ಡು ಕೊಟ್ಟವರಿಗೂ ಪಾಠ ಹೇಳಿದವರಿಗೂ ತಮ್ಮ ಕೆಲಸ ಗೆದ್ದಿತೆಂದು ಹೇಳುವ ಅವಸರವಿರುತ್ತದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯ ಕೈಗೆ ಕೊಟ್ಟದ್ದು ಈ ಅರಿವಿನಿಂದಲೇ. ಅದು ಎಷ್ಟೋ ಕಡೆ ಸಹಿ ಹಾಕಿಸಿಕೊಳ್ಳುವ ಶಾಸ್ತ್ರವಾದದ್ದು ನಿಜ. ಆದರೆ ಆಲೋಚನೆ ಸರಿಯಾದದ್ದು. ಕಾಲುವೆ ಕೆಲಸದ ಗುಣಮಟ್ಟ ಗೊತ್ತಿರುವುದು ಕೊನೆ ಭಾಗದ ರೈತನಿಗೆ. ತೂಬಿನ ಹತ್ತಿರ ನಿಂತು ನೋಡಿದವನಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಅಂಕ ಕೊಡುವ ಸಭೆಯಲ್ಲಿ ಬಂದವರೂ ಇರಬೇಕು, ಇದ್ದವರೂ ಇರಬೇಕು, ಇಬ್ಬರಲ್ಲೂ ಕೊನೆ ಭಾಗದವರು ಮುಂದೆ ಕೂರಬೇಕು.

ಕಟ್ಟಿದ್ದು ಕೆಟ್ಟ ದಿನವನ್ನು ನಾವೂ ಕಂಡೆವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ಕ್ಯಾಂಪಿನವರು, ಊರಿನವರು, ಮೇಲ್ಭಾಗ, ಕೊನೆ ಭಾಗ ಎಂಬ ಭೇದವಿಲ್ಲದೆ ಎಲ್ಲರ ಭತ್ತವೂ ಒಂದೇ ಗೇಟಿಗೆ ಜೋತುಬಿದ್ದಿತ್ತು. ವಯಸ್ಸಾದ ಎಂಜಿನಿಯರ್ ಕನ್ನಯ್ಯ ನಾಯ್ಡು ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತುಂಡು ತುಂಡಾಗಿ ತಾತ್ಕಾಲಿಕ ಗೇಟು ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ಆ ವಾರ ಯಾರೂ ಪ್ರಮಾಣಪತ್ರ ಕೇಳಲಿಲ್ಲ. ಈ ಕೆಲಸ ಬಲ್ಲವರು ಯಾರಿದ್ದಾರೆ ಎಂದಷ್ಟೇ ಕೇಳಿದರು. ಅವರ ನಂತರ ಬಲ್ಲವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ತರಬೇತಿಗೆ ಹಣ ಕೊಡುವವರು ಮೊದಲ ದಿನವೇ ಮೂರು ಪ್ರಶ್ನೆ ಬರೆದಿಟ್ಟು, ಮೂರು ಮಳೆಗಾಲ ಕಳೆದ ಮೇಲೆ ವಾಪಸು ಬಂದು ಊರ ಮುಂದೆ ಕೇಳಲಿ. ಕಟ್ಟಿದ್ದು ಕೆಟ್ಟಾಗ ಹೊರಗಿನವರನ್ನು ಕರೆಸದೆ ಸರಿಮಾಡಿದಿರಾ? ಸರಿಮಾಡಿದ ತಂಡದಲ್ಲಿ ಬಂದವರೂ ಇದ್ದವರೂ ಒಂದೇ ಕೂಲಿಗೆ ದುಡಿದರೇ? ನೀವು ಕಲಿತದ್ದನ್ನು ನಿಮ್ಮಿಂದ ಮತ್ತೊಬ್ಬರು ಕಲಿತರೇ? ಹಾಗೆ ವಾಪಸು ಬಂದು ಕೇಳುವ ಮನಸ್ಸಿಲ್ಲದಿದ್ದರೆ ಮೌಲ್ಯಮಾಪನಕ್ಕೆಂದು ತೆಗೆದಿಟ್ಟ ಹಣವನ್ನೂ ಕೂಲಿಗೇ ಸೇರಿಸಿ ಹಂಚಿಬಿಡಲಿ. ವರದಿಯಿಂದ ಯಾರಿಗೂ ಆಗದ ಉಪಕಾರ ನಾಲ್ಕು ಮನೆಯ ಒಲೆಗಾದರೂ ಆಗುತ್ತದೆ.