ಕಣ್ಣು ಕಂಡದ್ದು, ಪರದೆ ತೋರಿದ್ದು

ಶಾಲೆಯ ಪ್ರಯೋಗಶಾಲೆಯಲ್ಲಿ ಇರುವುದು ಒಂದೇ ಸೂಕ್ಷ್ಮದರ್ಶಕ. ಅದರ ಮುಂದೆ ನಲವತ್ತು ಮಕ್ಕಳ ಸಾಲು. ಈರುಳ್ಳಿಯ ಒಳಪೊರೆಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಒಂದು ತೊಟ್ಟು ಅಯೋಡಿನ್ ಬಿಟ್ಟು, ಕೆಳಗಿನ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಮೇಷ್ಟರು ಪಕ್ಕಕ್ಕೆ ಸರಿಯುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕೊಳವೆಗೆ ಹಚ್ಚುತ್ತಾರೆ. “ಕಾಣಿಸಿತೇ?” “ಕಾಣಿಸಿತು ಸಾರ್.” ಮುಂದಿನವರು ಬನ್ನಿ.

ಹಲವು ವರ್ಷ ಹಾಗೆ ಪಕ್ಕಕ್ಕೆ ಸರಿದು ನಿಂತವನು ನಾನು. ಆ “ಕಾಣಿಸಿತು”ಗಳಲ್ಲಿ ಅರ್ಧದಷ್ಟು ಸುಳ್ಳೆಂಬುದು ನನಗೆ ಗೊತ್ತಿತ್ತು. ಕೆಲವರಿಗೆ ಕಂಡಿದ್ದು ತಮ್ಮದೇ ರೆಪ್ಪೆಯ ನೆರಳು, ಕೆಲವರಿಗೆ ಬರಿಯ ಬೆಳಕಿನ ಬಿಲ್ಲೆ, ಕೆಲವರಿಗೆ ಗಾಜಿನ ಕೆಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆ. ಆದರೂ ಬೆಂಚಿಗೆ ಮರಳಿದ ಮೇಲೆ ಎಲ್ಲರ ಪುಸ್ತಕದಲ್ಲೂ ಒಂದೇ ಚಿತ್ರ ಮೂಡುತ್ತಿತ್ತು, ಪಠ್ಯಪುಸ್ತಕದ ಚಿತ್ರ. ಹಿಂದೆ ಸಾಲು ಕಾಯುತ್ತಿದೆ, ಮೇಷ್ಟರು ನೋಡುತ್ತಿದ್ದಾರೆ, ಕಾಣಲಿಲ್ಲವೆಂದರೆ ದಡ್ಡನೆನ್ನುತ್ತಾರೆ. ಇಷ್ಟು ಸಾಕು, ಮಗು ಕಾಣದ್ದನ್ನು ಕಂಡೆನೆನ್ನಲು. ವಿಜ್ಞಾನದ ತರಗತಿಯಲ್ಲೇ ನಾವು ಕಲಿಸಿದ ಮೊದಲ ಸುಳ್ಳು ಇದು.

ಈಗ ಅದೇ ಹಳೆಯ ಸೂಕ್ಷ್ಮದರ್ಶಕದ ನೇತ್ರಮಸೂರವನ್ನು ತೆಗೆದು, ಆ ಜಾಗಕ್ಕೆ ಒಂದು ಪುಟ್ಟ ಡಿಜಿಟಲ್ ಕ್ಯಾಮರಾವನ್ನು ತೂರಿಸಬಹುದು. ಬಹುತೇಕ ಸೂಕ್ಷ್ಮದರ್ಶಕಗಳ ಕೊಳವೆಯ ಒಳ ಅಗಲ 23.2 ಮಿಲಿಮೀಟರ್. ಕ್ಯಾಮರಾಗಳನ್ನೂ ಅದೇ ಅಳತೆಗೆ ಮಾಡುತ್ತಾರೆ. ಒಂದು ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಈರುಳ್ಳಿಯ ಕೋಶಗಳು ಪರದೆಯ ಮೇಲೆ ಹರಡಿಕೊಳ್ಳುತ್ತವೆ. ನಲವತ್ತು ಮಕ್ಕಳೂ ಒಟ್ಟಿಗೆ ನೋಡುತ್ತಾರೆ. ಬೆರಳಿಟ್ಟು “ಇದು ಕೋಶಭಿತ್ತಿ, ಇದು ಕೋಶಕೇಂದ್ರ” ಎಂದು ತೋರಿಸಬಹುದು. ಹಳೆಯ ಸುಳ್ಳಿಗೆ ಅಲ್ಲಿ ಎಡೆಯೇ ಇಲ್ಲ. ನನ್ನ ಪ್ರಶ್ನೆ ಇಷ್ಟೇ: ಸುಳ್ಳು ಬಿಟ್ಟುಹೋದ ಜಾಗಕ್ಕೆ ಸತ್ಯ ತಾನಾಗಿಯೇ ಬಂದು ಕೂರುತ್ತದೆಯೇ?

ಹೊಸೂರಿನ ಕಡೆಯವರಿಗೆ ಇದು ಬರಿಯ ತರಗತಿಯ ಪ್ರಶ್ನೆಯಲ್ಲ. ಕಾಸರಗೋಡಿನ ಮನೆಗಳಿಗೆ ಅಡಕೆ ಹೇಗೋ ಹೊಸೂರು, ಕೆಲಮಂಗಲ, ದೆಂಕಣಿಕೋಟೆ, ತಳಿಯ ಕಡೆಯ ಅನೇಕ ಮನೆಗಳಿಗೆ ರೇಷ್ಮೆ ಹಾಗೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಾವು ಗೆರೆಯ ಆಚೆ ಉಳಿದೆವು. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆಗೆ ಸೇರಿದೆವು. ಹಿಪ್ಪುನೇರಳೆಗೆ ಮಾತ್ರ ಗೆರೆ ಗೊತ್ತಿಲ್ಲ. ಆನೇಕಲ್ಲಿನ ಹುಳುವೂ ತಳಿಯ ಹುಳುವೂ ಅದೇ ಸೊಪ್ಪು ತಿನ್ನುತ್ತವೆ, ಅದೇ ನಾಲ್ಕು ಜ್ವರ ದಾಟಿ ಹಣ್ಣಾಗುತ್ತವೆ. ಬರುವ ರೋಗಗಳೂ ಅವೇ.

ಆ ರೋಗಗಳಲ್ಲಿ ಅತಿ ಕೆಟ್ಟದ್ದು ಗಂಟುರೋಗ, ಪುಸ್ತಕದ ಹೆಸರಿನಲ್ಲಿ ಪೆಬ್ರಿನ್. ನೊಸೆಮಾ ಬೊಂಬಿಸಿಸ್ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಉಳಿದ ರೋಗಗಳು ಹುಳುಮನೆಯಲ್ಲಿ ಹುಟ್ಟಿ ಹುಳುಮನೆಯಲ್ಲಿ ಮುಗಿಯುತ್ತವೆ. ಇದು ಹಾಗಲ್ಲ, ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಮದ್ದಿಲ್ಲ. ಆದ್ದರಿಂದ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಪೊಟ್ಯಾಸಿಯಂ ಕಾರ್ಬೊನೇಟಿನ ತೆಳು ದ್ರಾವಣದಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಮೇಲೆ ಸವರಿ, 600 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಭಾಗ ಉದ್ದದ, ಅಕ್ಕಿಕಾಳಿನಂತೆ ಹೊಳೆಯುವ ಕಣಗಳು ಕಂಡರೆ ಆ ಮೊಟ್ಟೆಗಳನ್ನು ಸುಡಬೇಕು. ಕಾಣದಿದ್ದರೆ ರೋಗರಹಿತವೆಂದು ಬರೆದು ರೈತರಿಗೆ ಕೊಡಬಹುದು. ಒಂದು ಚಿಟ್ಟೆ ಇಡುವುದು ನಾನೂರು ಐನೂರು ಮೊಟ್ಟೆ. ಬಿತ್ತನೆ ಕೋಠಿಯಲ್ಲಿ ದಿನವಿಡೀ ಕೊಳವೆಗೆ ಕಣ್ಣಿಟ್ಟು ಕೂತವರ ಒಂದು “ಇಲ್ಲ”ದ ಮೇಲೆ ಎಷ್ಟೋ ಮನೆಗಳ ಬೆಳೆ ನಿಂತಿರುತ್ತದೆ.

ಕೆಲವು ವರ್ಷಗಳ ಹಿಂದೆ ದೆಂಕಣಿಕೋಟೆಯ ಕಡೆಯ ಪರಿಚಿತ ರೈತರೊಬ್ಬರ ಹುಳುಮನೆಗೆ ಹೋಗಿದ್ದೆ. ಮೂರನೆಯ ಜ್ವರ ಎದ್ದ ಹುಳುಗಳು ಒಂದೇ ತಟ್ಟೆಯಲ್ಲಿ ಕೆಲವು ದೊಡ್ಡವು, ಕೆಲವು ಗಿಡ್ಡ. ಸೊಪ್ಪು ಹಾಗೆಯೇ ಉಳಿದಿತ್ತು. ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕರಿಯ ಚುಕ್ಕೆಗಳು. ಪೆಬ್ರಿನ್ ಎಂಬ ಹೆಸರು ದಕ್ಷಿಣ ಫ್ರಾನ್ಸಿನ ಮಾತಿನಲ್ಲಿ ಮೆಣಸಿಗಿರುವ ಹೆಸರಿನಿಂದಲೇ ಬಂದದ್ದು. ಎರಡು ದಿನದಲ್ಲಿ ಅಷ್ಟನ್ನೂ ಗುಂಡಿಗೆ ಹಾಕಿ ಸುಣ್ಣ ಸುರಿದು ಮುಚ್ಚಿದರು. ಸೊಪ್ಪಿಗೆ, ಆಳಿಗೆ ಮಾಡಿದ ಸಾಲ ಮಾತ್ರ ಮುಚ್ಚಿಹೋಗಲಿಲ್ಲ. ಮೊಟ್ಟೆ ಮಾರಿದವರ ಬಳಿ ಕೇಳಿದರೆ ಪುಸ್ತಕ ತೆಗೆದು ತೋರಿಸಿದರು. ಆ ತಾರೀಖಿನ ಮುಂದೆ “ರೋಗವಿಲ್ಲ” ಎಂದು ಬರೆದಿತ್ತು. ಬರೆದವರು ಅಪ್ರಾಮಾಣಿಕರೆಂದು ನಾನು ಹೇಳಲಾರೆ. ಸೋಂಕು ಹುಳುಮನೆಯಲ್ಲೇ ತಗಲಿದ್ದಿರಬಹುದು. ಆದರೆ ಆ ರೈತರು ಹೇಳಿದ ಮಾತು ನನ್ನನ್ನು ಬಿಟ್ಟಿಲ್ಲ: “ಮೇಷ್ಟ್ರೇ, ಅವ್ರು ನೋಡಿದ್ರೋ ಇಲ್ವೋ ನಂಗೇನ್ ಗೊತ್ತು? ಬರ್ದವ್ರೆ, ಅಷ್ಟೇ.” ನೋಡಿದ ಗಾಜನ್ನು ಎಂದೋ ತೊಳೆದಾಗಿತ್ತು. ಕಂಡದ್ದಕ್ಕೂ ಕಾಣದ್ದಕ್ಕೂ ಉಳಿದ ಸಾಕ್ಷಿ ಒಂದು ಶಬ್ದ.

ನಮ್ಮ ಹಿರಿಯರು ಅರಿವಿನ ದಾರಿಗಳನ್ನು ಎಣಿಸುವಾಗ ಪ್ರತ್ಯಕ್ಷವನ್ನೂ ಶಬ್ದವನ್ನೂ ಬೇರೆಬೇರೆಯಾಗಿ ಇಟ್ಟರು. ನಾನೇ ಕಂಡದ್ದು ಪ್ರತ್ಯಕ್ಷ, ನಂಬತಕ್ಕವನು ಹೇಳಿದ್ದು ಶಬ್ದ. ಸೂಕ್ಷ್ಮದರ್ಶಕದ ವಿಚಿತ್ರವೆಂದರೆ ಅದು ಕೊಳವೆಗೆ ಕಣ್ಣಿಟ್ಟವನಿಗೆ ಮಾತ್ರ ಪ್ರತ್ಯಕ್ಷ, ಉಳಿದವರಿಗೆಲ್ಲ ಶಬ್ದ. ಈ ತೊಡಕು ಮೊದಲಿನಿಂದಲೂ ಇದೆ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1676ರಲ್ಲಿ, ನೀರಿನ ಹನಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆಯೆಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಾಗ ಅಲ್ಲಿನವರು ಸುಲಭವಾಗಿ ನಂಬಲಿಲ್ಲ. ಅವನು ಪಾದ್ರಿಗಳೂ ಸೇರಿದಂತೆ ಊರಿನ ಎಂಟು ಜನ ಗಣ್ಯರಿಗೆ ತನ್ನ ಮಸೂರದಲ್ಲಿ ತೋರಿಸಿ, “ನಾವೂ ಕಂಡೆವು” ಎಂದು ಅವರಿಂದ ಬರೆಸಿ ಕಳಿಸಬೇಕಾಯಿತು. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ತಾನೇ ಆ ಜೀವಿಗಳನ್ನು ಸಭೆಗೆ ತೋರಿಸಿದ ಮೇಲೆ ಶಂಕೆ ತೀರಿತು. ನಮ್ಮ ರೈತರ ಪ್ರಶ್ನೆಯನ್ನು ಮುನ್ನೂರು ವರ್ಷಗಳ ಹಿಂದೆ ಲಂಡನ್ನಿನ ಪಂಡಿತರೂ ಕೇಳಿದ್ದರು. ಕೇಳಿದ್ದು ತಪ್ಪಲ್ಲ.

ಹಾಗಾದರೆ ಬಿತ್ತನೆ ಕೋಠಿಯ ಸೂಕ್ಷ್ಮದರ್ಶಕಕ್ಕೆ ಕ್ಯಾಮರಾ ಇದ್ದಿದ್ದರೆ? ನೋಡಿದ ಪ್ರತಿಯೊಂದು ಗಾಜಿನ ಚಿತ್ರ, ದಿನ, ಗಂಟೆಯ ಸಮೇತ ಉಳಿದಿರುತ್ತಿತ್ತು. ರೈತರು ಕೇಳಿದರೆ ತೆರೆದು ತೋರಿಸಬಹುದಿತ್ತು. ಇದು ಸಣ್ಣ ಲಾಭವಲ್ಲ. ಯಾರ ಬದುಕು ಒಂದು ನೋಟದ ಮೇಲೆ ನಿಂತಿದೆಯೋ ಅವರಿಗೂ ಆ ನೋಟದಲ್ಲಿ ಪಾಲಿರಬೇಕು. ಇದು ಉಪಕಾರವಲ್ಲ, ನ್ಯಾಯ. ಕ್ಯಾಮರಾವನ್ನು ಹೊಸ ಷೋಕಿಯೆಂದು ಹಳಿಯುವ ಹಿರಿಯರು ಈ ಮಾತನ್ನು ಮರೆಯಬಾರದು.

ಆದರೆ ಚಿತ್ರ ಏನನ್ನು ಉಳಿಸುತ್ತದೆ ಎಂಬುದನ್ನೂ ಕೇಳಬೇಕು. ಕೊಳವೆಯೊಳಗೆ ಕಣ್ಣಿಗೆ ಕಾಣುವ ಬೆಳಕಿನ ವೃತ್ತದಲ್ಲಿ ಕ್ಯಾಮರಾ ಸಾಮಾನ್ಯವಾಗಿ ನಡುವಿನ ಒಂದು ತುಂಡನ್ನಷ್ಟೇ ಹಿಡಿಯುತ್ತದೆ. ಅದು ಹಿಡಿಯುವುದು ಒಂದೇ ಮಟ್ಟವನ್ನು. ನುರಿತವರು ನೋಡುವಾಗ ಒಂದು ಕೈ ಸದಾ ಸಣ್ಣ ತಿರುಪಿನ ಮೇಲೆ ಆಡುತ್ತಿರುತ್ತದೆ. ತಿರುಪು ಕೂದಲೆಳೆಯಷ್ಟು ಹೊರಳಿದಾಗ ರೋಗದ ಕಣ ಹೊಳೆದು ಮಂಕಾಗುವ ರೀತಿಯೇ ಬೇರೆ, ಕೊಬ್ಬಿನ ಹನಿಯದೇ ಬೇರೆ. ನಿಂತ ಚಿತ್ರದಲ್ಲಿ ಆ ಆಟವಿಲ್ಲ. ಇನ್ನು, ಗಾಜಿನ ಯಾವ ಮೂಲೆಯನ್ನು ಚಿತ್ರ ತೆಗೆಯಬೇಕೆಂದು ಕ್ಯಾಮರಾ ತೀರ್ಮಾನಿಸುವುದಿಲ್ಲ. ಕೈ ತೀರ್ಮಾನಿಸುತ್ತದೆ. ರೋಗವಿಲ್ಲದ ಮೂಲೆಯ ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ ಅದು ಆ ಮೂಲೆಯ ಸಾಕ್ಷಿಯೇ ಹೊರತು ಚಿಟ್ಟೆಯ ಸಾಕ್ಷಿಯಲ್ಲ.

ಪರದೆ ದೊಡ್ಡದಾದ ಮಾತ್ರಕ್ಕೆ ನೋಟವೂ ದೊಡ್ಡದಾಗುವುದಿಲ್ಲ. ಜರ್ಮನಿಯ ಅರ್ನ್‌ಸ್ಟ್ ಅಬೆ 1873ರಲ್ಲೇ ತೋರಿಸಿದಂತೆ, ಬೆಳಕಿನಿಂದ ನೋಡುವ ಸಾಧಾರಣ ಸೂಕ್ಷ್ಮದರ್ಶಕಕ್ಕೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಎರಡು ಭಾಗದಷ್ಟು ಹತ್ತಿರವಿರುವ ಎರಡು ಚುಕ್ಕೆಗಳು ಒಂದೇ ಆಗಿಬಿಡುತ್ತವೆ. ಅದರಾಚೆಯದನ್ನು ಗೋಡೆಯಷ್ಟು ಹಿಗ್ಗಿಸಿದರೂ ಹಿಗ್ಗುವುದು ಮಬ್ಬು ಮಾತ್ರ. ಅಡಕೆಯ ಹಳದಿ ಎಲೆ ರೋಗದ ಮರಗಳಲ್ಲಿ ಫೈಟೊಪ್ಲಾಸ್ಮವನ್ನು ಕಾಣಲು ಇಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕಾದದ್ದು ಇದಕ್ಕೇ. ಮಸೂರ ಕಾಣದ್ದನ್ನು ಕ್ಯಾಮರಾ ಕಾಣಲಾರದು.

ಎಲ್ಲವೂ ಸ್ಪಷ್ಟವಾಗಿ ಕಂಡಿತೆಂದೇ ಇಟ್ಟುಕೊಳ್ಳೋಣ. ಕಂಡ ಮಾತ್ರಕ್ಕೆ ತಿಳಿಯಿತೇ? ಗಂಟುರೋಗದ ಚರಿತ್ರೆಯೇ ಇದಕ್ಕೆ ಉತ್ತರ. ಲೂಯಿ ಪಾಶ್ಚರ್ 1865ರಲ್ಲಿ ದಕ್ಷಿಣ ಫ್ರಾನ್ಸಿನ ಆಲೆಸ್‌ಗೆ ಹೋಗಿ ರೋಗಪೀಡಿತ ಹುಳುಗಳಲ್ಲಿ ಆ ಕಣಗಳನ್ನು ಕಂಡರು. ಆದರೆ ಅವು ರೋಗದ ಕಾರಣವೆಂದು ಮೊದಲು ಒಪ್ಪಲಿಲ್ಲ. ರೋಗದಿಂದ ಹುಳುವಿನ ಮೈಯೊಳಗೇ ಹುಟ್ಟಿದ ವಿಕಾರವೆಂದು ತಿಳಿದರು. ವರ್ಷಗಟ್ಟಲೆ ಹುಳು ಸಾಕಿ, ಚಿಟ್ಟೆ ಅರೆದು, ಮೊಟ್ಟೆ ಬೇರ್ಪಡಿಸಿ ನೋಡಿದ ಮೇಲೆ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಕಣ ಮೊದಲ ದಿನವೂ ಅದೇ, ಕೊನೆಯ ದಿನವೂ ಅದೇ. ಬದಲಾದದ್ದು ನೋಡಿದವರು. ಅವರ ಗ್ರಂಥ ಹೊರಬಂದದ್ದು 1870ರಲ್ಲಿ, ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿಚಿಟ್ಟೆಯನ್ನು ಪರೀಕ್ಷಿಸುವುದು ಇಂದಿಗೂ ಅದೇ ದಾರಿಯಲ್ಲಿ. ಇನ್ನೊಂದು ನಿದರ್ಶನ: 1906ರಲ್ಲಿ ಇಟಲಿಯ ಗಾಲ್ಜಿ, ಸ್ಪೇನಿನ ಕಹಾಲ್ ಇಬ್ಬರಿಗೂ ಸೇರಿಸಿ ನೊಬೆಲ್ ಬಹುಮಾನ ಬಂತು. ಗಾಲ್ಜಿ ಕಂಡುಹಿಡಿದ ಬಣ್ಣದ ವಿಧಾನದಿಂದಲೇ ಇಬ್ಬರೂ ಮೆದುಳಿನ ಎಳೆಗಳನ್ನು ನೋಡಿದ್ದರು. ಗಾಲ್ಜಿಗೆ ಎಲ್ಲವೂ ಒಂದೇ ಬಲೆಯಾಗಿ ಕಂಡಿತು, ಕಹಾಲ್‌ಗೆ ಬಿಡಿಬಿಡಿ ಕೋಶಗಳಾಗಿ. ಕಹಾಲ್ ಕಂಡದ್ದೇ ಸರಿಯೆಂದು ಆಮೇಲೆ ತೀರ್ಮಾನವಾಯಿತು.

ಚಿತ್ರವನ್ನು ತಿದ್ದುವ ಮಾತನ್ನೂ ಬಿಡುವಂತಿಲ್ಲ. 1877ರಲ್ಲಿ ಬ್ಯಾಕ್ಟೀರಿಯಾಗಳ ಫೋಟೋಗಳನ್ನು ಪ್ರಕಟಿಸಿದ ರಾಬರ್ಟ್ ಕಾಖ್, ಕೈಯಲ್ಲಿ ಬರೆದ ಚಿತ್ರದಲ್ಲಿ ಬರೆದವನ ಅಭಿಪ್ರಾಯ ನುಸುಳುತ್ತದೆ, ಫೋಟೋದಲ್ಲಿ ಹಾಗಿಲ್ಲ ಎಂದು ವಾದಿಸಿದ್ದರು. ಅಂದಿಗೆ ಅದು ಬಲವಾದ ವಾದ. ಆದರೆ 2016ರಲ್ಲಿ ಎಲಿಜಬೆತ್ ಬಿಕ್ ಮತ್ತು ಸಂಗಡಿಗರು 20,621 ವಿಜ್ಞಾನ ಲೇಖನಗಳ ಚಿತ್ರಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ನಾಲ್ಕರಲ್ಲಿ ಒಂದೇ ಚಿತ್ರವನ್ನು ಎರಡು ಕಡೆ ಬಳಸಿದಂಥ ದೋಷಗಳು ಸಿಕ್ಕವು. ಕೆಲವು ಕೈತಪ್ಪು, ಕೆಲವು ಬೇಕೆಂದೇ ಮಾಡಿದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ನಮ್ಮ ಅಜ್ಜಿಯರು ಸೂಕ್ಷ್ಮದರ್ಶಕ ನೋಡಿದವರಲ್ಲ. ಆದರೂ ಅವರ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಇನ್ನೊಂದು ನಷ್ಟವಿದೆ. ಗೆರೆಯ ಆಚೆ ಉಳಿದ ನಮ್ಮಂಥವರಿಗೆ ಅದು ಬೇಗ ತಿಳಿಯುತ್ತದೆ. ಒಬ್ಬರಿಗೆ ಮಾತ್ರ ಕಾಣುತ್ತಿದ್ದಾಗ, ಕಂಡವರು ಉಳಿದವರಿಗೆ ಮಾತಿನಲ್ಲಿ ಹೇಳಲೇಬೇಕಿತ್ತು. ನಿಜವಾಗಿ ಕಂಡ ಮಗು ಸಾಲಿನ ಹಿಂದಿನವರಿಗೆ ಹೇಳುತ್ತಿತ್ತು: “ಇಟ್ಟಿಗೆ ಗೋಡೆ ಕಣೋ, ಒಂದೊಂದು ಇಟ್ಟಿಗೆಯೊಳಗೂ ಒಂದು ಕಡಲೆಬೀಜ.” ಅದು ಪಠ್ಯದ ಮಾತಲ್ಲ, ಮನೆಯ ಮಾತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ನೆರೆಯಲ್ಲಿ ತೆಲುಗು ಕೇಳಿ ಬೆಳೆದ ಮಗು ಕನ್ನಡದಲ್ಲಿ ಹೊಸದೊಂದನ್ನು ಕಂಡು ಹೆಸರಿಟ್ಟ ಕ್ಷಣ ಅದು. ಪರದೆಯ ಮುಂದೆ ಎಲ್ಲರಿಗೂ ಕಾಣುವುದರಿಂದ ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಬೆರಳು ತೋರಿಸುತ್ತದೆ, ಬಾಯಿ ಸುಮ್ಮನಿರುತ್ತದೆ. ನುಡಿ ಸೊರಗಲು ಯಾರೂ ಅದನ್ನು ನಿಷೇಧಿಸಬೇಕಾಗಿಲ್ಲ. ಅದರಿಂದ ಆಗಬೇಕಾದ ಕೆಲಸ ಇಲ್ಲದಾದರೆ ಸಾಕು.

ಹಾಗೆಂದು ಕ್ಯಾಮರಾವನ್ನು ಕಿತ್ತಿಡಬೇಕೆಂದು ನಾನು ಹೇಳುವುದಿಲ್ಲ. ಹಳೆಯ ಸಾಲಿನ ಹಳೆಯ ಸುಳ್ಳು ನನಗೆ ನೆನಪಿದೆ, ದೆಂಕಣಿಕೋಟೆಯ ಗುಂಡಿಯ ಸುಣ್ಣವೂ ನೆನಪಿದೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ ನೀತಿಯಿದೆಯೆಂದು ನನಗೆ ತೋರುತ್ತದೆ. ಮೊದಲು ಕಣ್ಣು ನೋಡಲಿ, ಕೈ ತಿರುಪನ್ನು ತಿರುಗಿಸಲಿ, ಮಗು ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಿ ಕೈಯಲ್ಲಿ ಬರೆಯಲಿ. “ಕಾಣಲಿಲ್ಲ ಸಾರ್” ಎಂದ ಮಗುವಿಗೆ ಬೈಗುಳ ಬೀಳದಿರಲಿ. ಅಷ್ಟಾದ ಮೇಲೆ ಪರದೆ ಹಚ್ಚೋಣ. ಆಗ ಅದು ಸರಿ ತಪ್ಪು ನೋಡುವ ಸಾಕ್ಷಿಯಾಗುತ್ತದೆ. ಬಿತ್ತನೆ ಕೋಠಿಯಲ್ಲೂ ಹೀಗೆಯೇ. ಚಿತ್ರ ಉಳಿಯಲಿ, ರೈತರು ಕೇಳಿದಾಗ ತೆರೆಯಲಿ. ಚಿತ್ರದ ಕೆಳಗೆ “ಇಡೀ ಗಾಜನ್ನು ನಾನು ನೋಡಿದ್ದೇನೆ” ಎಂದು ಒಬ್ಬರ ಸಹಿಯೂ ಇರಲಿ.

ಏಕೆಂದರೆ ಪರದೆ ನೋಟವನ್ನು ಎಲ್ಲರಿಗೂ ಹಂಚಬಲ್ಲದು, ಹೊಣೆಯನ್ನು ಹಂಚಲಾರದು. ನಲವತ್ತು ಜನ ನೋಡಿದ್ದರ ಹೊಣೆ ನಲವತ್ತರಲ್ಲಿ ಒಂದು ಪಾಲಾಗಿ ಕೊನೆಗೆ ಯಾರದೂ ಅಲ್ಲದಂತಾಗುವುದುಂಟು. ಆ ರೈತರು ಕೇಳಿದ್ದು ಚಿತ್ರವನ್ನಲ್ಲ. ತಮ್ಮ ಪಾಲಿಗೆ ಯಾರಾದರೊಬ್ಬರು ನಿಜವಾಗಿ ನೋಡಿದ್ದರೇ ಎಂಬುದನ್ನು. ಆ ಪ್ರಶ್ನೆಗೆ ಯಂತ್ರ “ಹೌದು” ಎನ್ನಲಾರದು. ನೋಡಿದವರೇ ಎನ್ನಬೇಕು.