ರುಮಾಲು ಹಾಕಿದ ಜಾಗ

ಅದು ತಳೇಗಾಂವದಿಂದಲೇ ಹೊರಡುವ ಬೆಳಗಿನ ಲೋಕಲ್. ಲೋಣಾವಳದಿಂದ ಬರುವ ಗಾಡಿಯಾದರೆ ಇಲ್ಲಿ ಮುಟ್ಟುವಷ್ಟರಲ್ಲಿ ಕೂರುವ ಆಸೆ ಬಿಡಬೇಕು. ಇದರಲ್ಲಿ ಹತ್ತು ನಿಮಿಷ ಮೊದಲು ಬಂದರೆ ಬೆಂಚು ಸಿಗುತ್ತದೆ. ಕಾಕಾ, ನಾನು ಎದುರುಬದುರು ಕೂತೆವು. ಕಾಕಾನ ಪಕ್ಕದ ಕಿಟಕಿ ಜಾಗದಲ್ಲಿ ಮನುಷ್ಯರಿರಲಿಲ್ಲ, ನೀಲಿ ಚೌಕಳಿಯ ಒಂದು ರುಮಾಲಿತ್ತು. ಯಾರೋ ಪ್ಲಾಟ್‌ಫಾರ್ಮಿನಿಂದಲೇ ಸರಳುಗಳ ನಡುವೆ ಕೈ ತೂರಿಸಿ ಹಾಕಿದ್ದರು. ಗಾಡಿ ಹೊರಟರೂ ರುಮಾಲಿನ ಧಣಿ ಬರಲಿಲ್ಲ. ಕೊನೆಯ ಗಳಿಗೆಯಲ್ಲಿ ಓಡಿ ಹತ್ತಿದ ಹುಡುಗನೊಬ್ಬ ನಮ್ಮ ಬೆಂಚಿನವರೆಗೆ ಬಂದ. ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ, ಕಣ್ಣಲ್ಲಿ ರಾತ್ರಿಪಾಳಿ. ರುಮಾಲು ನೋಡಿದ, ಕಂಬಿ ಹಿಡಿದು ನಿಂತ.

ನಾನು: ಕಾಕಾ, ಆ ರುಮಾಲು ತಗೀರಿ. ಆ ಹುಡುಗ ಕೂಡ್ಲಿ.

ಕಾಕಾ: ಮಂದಿ ರುಮಾಲು ನಾ ಯಾಕ ಮುಟ್ಟಲಿ? ಬ್ಯಾರೆ ಡಬ್ಬಿ ಹತ್ತಿರಬೇಕು. ಬರ್ತಾನ.

ನಾನು: ಬರೂತನಾ ಬಟ್ಟಿ ಅವನ ಪರವಾಗಿ ಕೂತಿರಬೇಕೇನ್ರಿ? ಅದಕ್ಕ ಟಿಕೀಟು ಯಾರು ತಗದಾರ?

ಕಾಕಾ: ಟಿಕೀಟು ನಿನಗ ಗಾಡಿ ಕೊಡ್ತದ ತಂಗಿ, ಜಾಗಾ ಕೊಡಂಗಿಲ್ಲ. ಜಾಗಾ ಏನಿದ್ರೂ ಮಂದಿ ಕೊಡಬೇಕು. ಈ ರುಮಾಲಿಗೂ ಮಂದೀನ ಕೊಟ್ಟಾರ. ನೋಡು, ಒಬ್ಬರಾದ್ರೂ ಮುಟ್ಟ್ಯಾರೇನು?

ನಾನು: ಎರಡು ಸಾವಿರ ವರ್ಷದ ಹಿಂದ ರೋಮಿನ ಸಿಸೆರೊ ಇದs ಮಾತು ಬರದಾನ. ನಾಟಕಶಾಲಿ ಎಲ್ಲಾರದು ಖರೆ, ಆದ್ರ ಒಬ್ಬಾಂವ ಬಂದು ಹಿಡದ ಜಾಗಾ ಅವಂದು ಅನ್ನೂದ್ರಾಗ ತಪ್ಪಿಲ್ಲ ಅಂತ. ಆದ್ರ ಅಲ್ಲಿ ಹಿಡದಾಂವ ಮನಶ್ಯಾ.

ಕಾಕಾ: ನಾಟಕ ಸುರುವಾದ ಮ್ಯಾಲೆ ಹೊಸಾ ಮಂದಿ ಎಷ್ಟು ಬರ್ತಾರ? ಇಲ್ಲಿ ಘೋರಾವಾಡಿ, ಬೇಗಡೇವಾಡಿ, ದೇಹೂರೋಡ, ಬರ್ತs ಇರ್ತಾರ. ತಳೇಗಾಂವದಾಗ ಮಾಡಿದ ನ್ಯಾಯ ಪಿಂಪರಿಗೆ ಹೋಗೂದ್ರಾಗ ಹಳಸ್ತದ. ನಿನ್ನ ಸಿಸೆರೊಗ ಮುಂದಿನ ಸ್ಟೇಶನ್ ಇದ್ದಿಲ್ಲ.

ಕಾಕಾ ಹೀಗೆ ಅಧಿಕಾರದಿಂದ ಮಾತಾಡುವುದಕ್ಕೆ ಕಾರಣವಿದೆ. ಗದಗಿನ ಕಡೆಯಿಂದ ಪುಣೆಗೆ ಬಂದವರು, ವರ್ಷಗಟ್ಟಲೆ ಪಾಸು ಮಾಡಿಸಿಕೊಂಡು ದಿನಾ ಮುಂಬೈಗೆ ಹೋಗಿ ಬಂದವರು. ಒಂದು ಬದಿಗೇ 192 ಕಿ.ಮೀ. ಆಯುಷ್ಯದ ಒಂದು ಭಾಗ ಅವರು ಭೋರ್ ಘಾಟಿನ ಸುರಂಗಗಳಲ್ಲೇ ಕಳೆದಿದ್ದಾರೆ ಎಂದು ಕಾಕು ಈಗಲೂ ಆಡಿಕೊಳ್ಳುತ್ತಾಳೆ.

ನಾನು: ನಿಮಗೂ ಕಾಯಂ ಜಾಗಾ ಇತ್ತಲ್ರಿ?

ಕಾಕಾ: ಇತ್ತು. ಎಂಟು ಮಂದಿ, ಎಂಟು ಜಾಗಾ, ಒಂದು ಇಸ್ಪೀಟಿನ ಕಟ್ಟು. ಸುರಂಗ ಬಂದ್ರ ಎಲಿ ಮುಚ್ಚಿ ಇಡತಿದ್ವಿ, ಯಾರೂ ಕದ್ದು ನೋಡಬಾರದಂತ. ಅಷ್ಟು ಪ್ರಾಮಾಣಿಕರು! ಒಂದಿನ ನಾ ಹತ್ತೂದ್ರಾಗ ಒಬ್ಬಾಕಿ ಹೆಣ್ಣಮಗಳು ಕೂಸಿನ್ನ ಕಟಗೊಂಡು ನನ್ನ ಜಾಗಾದಾಗ ಕೂತಿದ್ಲು. "ಇದು ನಂದು" ಅಂದೆ. ಎದ್ಲು. ಕರ್ಜತದ ತನಕಾ ನಿಂತs ಬಂದ್ಲು.

ನಾನು: ಉಳದ ಏಳು ಮಂದಿ?

ಕಾಕಾ: ಎಲಿ ಹಂಚತಿದ್ರು. ನೋಡು, ಒಬ್ಬೊಬ್ಬರs ಆಗಿದ್ರ ಎಂಟೂ ಮಂದಿ ಎದ್ದು ನಿಲ್ಲತಿದ್ವಿ. ಗುಂಪಿನ್ಯಾಗ ಯಾರಿಗೂ ಏಳಬೇಕು ಅನ್ನಸಲಿಲ್ಲ. ಆಕಿ ಒಂದು ಮಾತು ಬೈದಿದ್ರ ಇಷ್ಟೊತ್ತಿಗೆ ಮರತಿರತಿದ್ದೆ.

ನಾನು: ಅದs ದಾರಿ ಮ್ಯಾಲೆ ಡೆಕ್ಕನ್ ಕ್ವೀನ್ 1930ರ ಜೂನ್ 1ಕ್ಕ ಓಡಲಿಕ್ಕೆ ಸುರುವಾತು. ಮೊದಲನೇ ದರ್ಜೆ, ಎರಡನೇ ದರ್ಜೆ, ಅಷ್ಟ. ಮೂರನೇ ದರ್ಜೆ ಡಬ್ಬಿ ಹಚ್ಚಿದ್ದು 1955ರಾಗ. ಇಪ್ಪತ್ತೈದು ವರ್ಷ ಬಡವರು ಆ ಗಾಡಿಯೊಳಗ ನಿಂತೂ ಹೋಗೂಹಂಗಿದ್ದಿಲ್ಲ. ಜಾಗಾದ ಜಗಳಾ ಹತ್ತಿದವರ ನಡುವಿಂದು ಅಂತ ನೀವು ತಿಳಕೊಂಡೀರಿ.

ಕಾಕಾ: ಅದೂ ಖರೆ. ನಿಂತವನ ಲೆಕ್ಕಾನ ಹಿಡದಿದ್ದೆ ನಾ. ಪ್ಲಾಟ್‌ಫಾರ್ಮಿನ ಮ್ಯಾಲೆ ಉಳದಾವನ್ನ ಮರತೆ.

ದೇಹೂರೋಡಿನಲ್ಲಿ ಗರ್ದಿ ನುಗ್ಗಿತು. ಅದರ ಜೊತೆ ಬಂದ ಒಬ್ಬ ದಪ್ಪ ಹಿರಿಯರು ನಮ್ಮ ಮಾತು ಕೇಳಿ ಮುಖ ಅರಳಿಸಿದರು. ಕುಂದಾಪುರ ಕಡೆಯವರು, ಹೋಟೆಲಿನ ಶೆಟ್ಟರು.

ಶೆಟ್ಟರು: ಕನ್ನಡದವರಾ? ಎಂತ ಚರ್ಚೆ ಮಾರಾಯ್ರೆ, ಒಂದು ರುಮಾಲಿನ ಮೇಲೆ?

ಕಾಕಾ: ಬರ್ರಿ. ಈ ಖಾಲಿ ಜಾಗಾ ಯಾರದು, ಅದನ್ನ ಹೇಳ್ರಿ.

ಶೆಟ್ಟರು: ನಾನು ಮೊದಲು ಡೊಂಬಿವಲಿಯಲ್ಲಿ ಇದ್ದದ್ದು. ಅಲ್ಲಿ ಖಾಲಿ ಜಾಗ ಎಂಬುದೇ ಇಲ್ಲ, ಹಾಗಾಗಿ ಈ ಪ್ರಶ್ನೆಯೂ ಇಲ್ಲ. ಅಲ್ಲಿ ಇರುವುದು ನಾಲ್ಕನೇ ಸೀಟು. ಬೆಂಚು ಮೂವರದ್ದು, ಕೂರುವುದು ನಾಲ್ವರು. ನಾಲ್ಕನೆಯವನಿಗೆ ಅರ್ಧ ಕುಂಡೆಗೆ ಜಾಗ, ಉಳಿದರ್ಧ ಗಾಳಿಯಲ್ಲಿ. ರೈಲ್ವೆ ಅದನ್ನು ಎಲ್ಲಿಯೂ ಬರೆದಿಲ್ಲ. ಆದರೂ ಕೇಳಿದರೆ ಇಲ್ಲ ಎನ್ನುವ ಹಾಗಿಲ್ಲ.

ನಾನು: ಅಂದ್ರ ಅದು ಹಕ್ಕೋ, ದಾನವೋ?

ಶೆಟ್ಟರು: ಎರಡೂ ಅಲ್ಲ. ಹಕ್ಕಾದರೆ ಅವನು ಪೂರ್ತಿ ಕೂರಬೇಕಿತ್ತು. ದಾನವಾದರೆ ನಾನು ಇವತ್ತು ಮನಸ್ಸಿಲ್ಲ ಎನ್ನಬಹುದಿತ್ತು. ನಾಳೆ ನಾನೇ ನಾಲ್ಕನೆಯವ, ಇಷ್ಟೇ ಅದರ ವಿಷಯ. ಇನ್ನೊಂದು ಉಂಟು. ನಿಂತವನು ಕೂತವನ ಹತ್ತಿರ ಕೇಳುವುದು: ಎಲ್ಲಿ ಇಳಿಯುವುದು? ಅವನು ಠಾಣೆ ಎಂದರೆ ಮುಗಿಯಿತು, ಠಾಣೆಯಲ್ಲಿ ಆ ಸೀಟು ಕೇಳಿದವನಿಗೆ. ನಡುವೆ ಬೇರೆಯವನು ಬಂದು ಎಷ್ಟು ಹತ್ತಿರ ನಿಂತರೂ, ಏಳುವವನು ಕಣ್ಣಲ್ಲಿ ಕೇಳಿದವನನ್ನೇ ಕರೆಯುತ್ತಾನೆ. ಹೆಸರು ಗೊತ್ತಿಲ್ಲ, ರಶೀದಿ ಇಲ್ಲ. ಇಷ್ಟು ನಂಬಿಕೆ ನನ್ನ ಹೋಟೆಲಿನ ಗಲ್ಲೆಯಲ್ಲಿಯೂ ಇಲ್ಲ.

ನಾನು: "ಸ್ವಲ್ಪ ಸರಿ" ಅಂತೀವಲ್ಲ, ಕನ್ನಡದಾಗ ಅದು ಜರುಗೂದೂ ಹೌದು, ನ್ಯಾಯಾನೂ ಹೌದು.

ಕಾಕಾ: ಶಬ್ದದ ಮ್ಯಾಲೆ ನ್ಯಾಯಾ ಕಟ್ಟಬ್ಯಾಡ ತಂಗಿ. ಮರಾಠಿ ಮಂದಿ "ಸರಕಾ" ಅಂತಾರ, ಅವರೂ ಜರುಗ್ತಾರ.

ನನಗೆ ಮುಖಭಂಗವಾಯಿತು. ಅದನ್ನು ಮುಚ್ಚಿಕೊಳ್ಳಲು ಗಾಂಧೀಜಿಯನ್ನು ಕರೆತಂದೆ.

ನಾನು: 1917ರಾಗ ಗಾಂಧೀಜಿ ಮುಂಬೈಯಿಂದ ಮದ್ರಾಸಿಗೆ ಮೂರನೇ ದರ್ಜೆಯೊಳಗ ಹೋದ್ರು. ಡಬ್ಬಿ ಮ್ಯಾಲೆ ಬರದದ್ದು 22 ಮಂದಿ ಅಂತ. ನಮ್ಮ ಪುಣೆ ಮುಟ್ಟೂತನಾ ಲೆಕ್ಕಾ ದಾಟಲಿಲ್ಲಂತ. ಯಾಕಂದ್ರ ಒಳಗಿನ ಗಟ್ಟಿಗರು ಹೊರಗಿನವರನ್ನ ಹತ್ತಲಿಕ್ಕೆ ಬಿಡಲಿಲ್ಲ. ರಾಯಚೂರು ಮುಟ್ಟಿದ ಮ್ಯಾಲೆ ಆ ಗಟ್ಟಿಗರ ಕಡೆಯಿಂದ್ಲೂ ತಡೀಲಿಕ್ಕೆ ಆಗಲಿಲ್ಲ ಅಂತ ಬರದಾರ.

ಶೆಟ್ಟರು: ರಾಯಚೂರಿನವರು ಜೋರು ಅಲ್ವಾ!

ನಾನು: ಅಂದ್ರ ಗಾಂಧೀಜಿಗೆ ಆರಾಮ ಕೊಟ್ಟಿದ್ದು ಬಾಗಲದಾಗಿನ ದಬ್ಬಾಳಿಕಿ. ಅದನ್ನ ಅವರು ಮುಚ್ಚಿಡಲಿಲ್ಲ.

ಕಾಕಾ: ಇನ್ನೊಂದು ಕಥಿ ಅದ ಅಲಾ, ಲಾಹೋರಿಂದು? ಹಮಾಲ ಹನ್ನೆರಡಾಣೆ ತಗೊಂಡು ಅವರನ್ನ ಕಿಡಕಿಯೊಳಗಿಂದ ಒಳಗ ತುರುಕಿದ್ದು. ಮ್ಯಾಲಿನ ಹಲಿಗಿ ಮ್ಯಾಲೆ ಉದ್ದಕ್ಕ ಕಾಲು ಚಾಚಿ ಮಲಗಿದವರು ಇವರಿಗೆ, ಯಾಕ ನಿಂತೀ, ಕೂಡಬಾರದೇನು ಅಂತ ಗಂಟು ಬಿದ್ರಂತ. ತಾವು ಜರುಗವಲ್ರು, ಇವರು ನಿಂತದ್ದನ್ನೂ ನೋಡಲಾರರು. ಕಡೀಕ ಹೆಸರು ಕೇಳಿದ್ರು, ನಾಚಿದ್ರು, ಜಾಗಾ ಕೊಟ್ರು.

ನಾನು: ಹೆಸರಿಗೆ ಜಾಗಾ ಸಿಕ್ತು. ನಿಮ್ಮ ಗದಗಿನ ಭೀಮಸೇನ ಜೋಶಿ 1933ರಾಗ ಹನ್ನೊಂದು ವರ್ಷದ ಹುಡುಗ, ಮನಿ ಬಿಟ್ಟು ಓಡಿಬಂದಾಗ ಗಾಡಿಯೊಳಗಿನ ಮಂದೀನ ದುಡ್ಡು ಕೊಟ್ಟು ಮುಂದ ಕಳಿಸಿದ್ರು. ಅದು ಹಾಡಿಗೆ. ಹೆಸರೂ ಇಲ್ಲದ, ಹಾಡೂ ಬರದ ಮನಶ್ಯಾಗ?

ಮೂವರೂ ಒಟ್ಟಿಗೇ ಆ ಹುಡುಗನ ಕಡೆ ನೋಡಿದೆವು. ಅವನು ಕಂಬಿಗೆ ಹಣೆ ಆನಿಸಿ, ನಿಂತಲ್ಲೇ ತೂಗುತ್ತಿದ್ದ. ಹೊರಗೆ ಆಕುರ್ಡಿ. ಕಾಕಾ ರುಮಾಲು ಎತ್ತಿ ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡರು, ಹುಡುಗನ ಕೈ ಜಗ್ಗಿ ಕಿಟಕಿ ತೋರಿಸಿದರು. ಅವನು ಅನುಮಾನದಿಂದ ರುಮಾಲು ನೋಡಿದ, ಕೂತ. ಚಿಂಚವಡ ಬರುವಷ್ಟರಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ.

ಶೆಟ್ಟರು: ಧಣಿ ಬಂದರೆ?

ಕಾಕಾ: ಬಂದ್ರ ನಾ ಏಳ್ತೀನಿ. ರುಮಾಲು ತಗದಾಂವ ನಾ, ಅಂವ ಅಲ್ಲ.

ನಾನು: ಹಂಗಂದ್ರ ರುಮಾಲಿನ ಹಕ್ಕು ನೀವು ಒಪ್ಪಿಕೊಂಡಂಗಾತಲ್ರಿ?

ಕಾಕಾ: ಒಪ್ಪಿದೆ, ಮುರದೆ, ದಂಡಾ ನಾ ಕಟ್ತೀನಿ ಅಂದೆ. ನೀ ಏನಂದಿ? ರುಮಾಲು ತಗೀರಿ ಅಂದಿ. ನಿನ್ನ ನ್ಯಾಯದಾಗ ಜಾಗಾ ಹೋಗೂದು ಯಾರದೋ ಒಬ್ಬಂದು, ನಿಂದು ಹೋಗಂಗಿಲ್ಲ.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೂತಲ್ಲಿಂದ ನಾನೂ ಎದ್ದಿರಲಿಲ್ಲವಲ್ಲ. ಎದ್ದು ಶೆಟ್ಟರಿಗೆ ಜಾಗ ಬಿಟ್ಟೆ. ಅವರು ಬೇಡಬೇಡ ಎನ್ನುತ್ತಲೇ ಕೂತರು. ಪಿಂಪರಿಯಲ್ಲಿ ಒಂದಷ್ಟು ಜನ ಇಳಿದರು. 2023ರಲ್ಲಿ ಅಲ್ಲಿಂದ ಸಿವಿಲ್ ಕೋರ್ಟಿನವರೆಗೆ ಮೆಟ್ರೊ ಬಂತು. ತಳೇಗಾಂವದ ನಮಗೆ 1978ರಲ್ಲಿ ಶುರುವಾದ ಈ ಲೋಕಲ್ಲೇ ಗತಿ. ನಿಂತ ಮೇಲೆ ಬೋಗಿ ಬೇರೆಯಾಗಿ ಕಂಡಿತು. ಕೂತವರಲ್ಲಿ ಮುಕ್ಕಾಲು ಮಂದಿ ಕಣ್ಣು ಮುಚ್ಚಿದ್ದರು, ಉಳಿದವರು ಮೊಬೈಲಿನಲ್ಲಿ ತಲೆ ಹುದುಗಿಸಿದ್ದರು.

ನಾನು: ಇವರೆಲ್ಲಾ ಖರೇನ ಮಲಗ್ಯಾರೇನ್ರಿ?

ಶೆಟ್ಟರು: ಅರ್ಧ ಜನ. ಉಳಿದವರು ಎದುರು ನಿಂತವನ ಮುಖ ಕಾಣಬಾರದು ಅಂತ. ಕಂಡರೆ ಏಳಬೇಕಾಗ್ತದೆ.

ಕಾಕಾ: ಎಂಟು ಮಂದಿ ನಾವು ಇಸ್ಪೀಟು ಯಾಕ ಆಡತಿದ್ವಿ ಅಂತ ಈಗ ತಿಳೀತು. ಎಲಿಯೊಳಗ ಮಾರಿ ಹಾಕಿದ್ರ ಯಾರೂ ಕಾಣಸ್ತಿದ್ದಿಲ್ಲ. ಆದ್ರ ಒಂದು ಹೇಳ್ತೀನಿ, ಹಂಗ ಕಣ್ಣು ಮುಚ್ಚೂದೂ ಒಂದು ಥರಾ ಮರ್ಯಾದಿ. ಪೂರಾ ನಾಚಿಕಿ ಬಿಟ್ಟಾಂವ ಕಣ್ಣು ತಗದ ಕೂಡ್ತಾನ.

ಶೆಟ್ಟರು: ನಾಚಿಕೆಯಿಂದ ಕಾಲು ನೋವು ಹೋಗ್ತದಾ? ನಿಂತವನಿಗೆ ಬೇಕಾದ್ದು ಅರ್ಧ ಕುಂಡೆಯ ಜಾಗ.

ಕಾಕಾ: ಅದೂ ಹೌದು ಬಿಡ್ರಿ.

ಕಾಸಾರವಾಡಿ, ದಾಪೋಡಿ, ಖಡಕಿ. ಜನ ಇಳಿದರು, ಹತ್ತಿದರು, ಮಾತು ಎಲ್ಲೆಲ್ಲೋ ಹೋಯಿತು. ಶೆಟ್ಟರು ಈಗಿನ ಕಾಯಿಚಟ್ನಿಯ ಅವಸ್ಥೆ ಹೇಳುತ್ತಿದ್ದರು. ಶಿವಾಜಿನಗರದಲ್ಲಿ ಬ್ರೇಕು ಬಿದ್ದ ಜಗ್ಗಿಗೆ ಹುಡುಗನ ತಲೆ ಸರಳಿಗೆ ತಾಗಿತು. ಬೆಚ್ಚಿ ಎದ್ದು, ಹೊರಗೆ ನೋಡಿ, ಕಾಕಾನ ತೋಳು ಹಿಡಿದ.

ಹುಡುಗ: ದಾಪೋಡೀ ಗೇಲಂ ಕಾ, ಕಾಕಾ? (ದಾಪೋಡಿ ಹೋಯಿತೇ, ಕಾಕಾ?)

ಕಾಕಾ ಶೆಟ್ಟರ ಮುಖ ನೋಡಿದರು, ಶೆಟ್ಟರು ನನ್ನ ಮುಖ ನೋಡಿದರು. ಅಷ್ಟು ಹೊತ್ತು ಮಾತಾಡಿದ ಮೂವರಲ್ಲಿ ಯಾರೊಬ್ಬರೂ ಅವನನ್ನು ಎಲ್ಲಿ ಇಳಿಯುವುದು ಎಂದು ಕೇಳಿರಲಿಲ್ಲ.