ವ್ರತಸ್ವೀಕಾರದಲ್ಲಿ ಸಾಹಸ ಮತ್ತು ವಿವೇಕ

ವ್ರತವನ್ನು ಸ್ವೀಕರಿಸುವುದು ಒಂದು ಸಾಹಸವೇ ಸರಿ. ನಾಳಿನ ಹಸಿವು ಎಷ್ಟೆಂಬುದನ್ನು ಇಂದು ಅರಿಯಲಾಗದು. ಆದರೂ ಶ್ರಾವಕನು ಜಿನಬಿಂಬದ ಸನ್ನಿಧಿಯಲ್ಲಿ ನಾಳಿನ ಆಹಾರವನ್ನು ಇಂದೇ ತ್ಯಜಿಸಿ ಸಂಕಲ್ಪ ಮಾಡುತ್ತಾನೆ. ಭಂಗವಾದೀತೆಂಬ ಶಂಕೆಯೂ ಆ ಸಂಕಲ್ಪದೊಡನೆಯೇ ಹುಟ್ಟುತ್ತದೆ. ಈ ಶಂಕೆಗೆ ಅಂಜಿ, ಕೆಡಿಸಿಕೊಳ್ಳುವುದಕ್ಕಿಂತ ಕೈಗೊಳ್ಳದಿರುವುದೇ ಲೇಸೆಂದು ಜೀವಮಾನವೆಲ್ಲ ವ್ರತದ ಹೊಸ್ತಿಲಲ್ಲಿಯೇ ನಿಂತುಬಿಡುವವರು ಅನೇಕರು. ನೆರೆಮನೆಯವರು ದಶಲಕ್ಷಣ ಪರ್ವದಲ್ಲಿ ಐದು ಉಪವಾಸ ಮಾಡಿದರೆಂದು ತಾವು ಹತ್ತಕ್ಕೆ ಸಂಕಲ್ಪಿಸಿ ಮೂರನೆಯ ದಿನವೇ ಕುಸಿಯುವವರು ಇನ್ನು ಕೆಲವರು. ಅಂಜಿಕೆ, ಆತುರ ಇವೆರಡರಲ್ಲಿ ಯಾವುದು ಸನ್ಮಾರ್ಗ?

ಆತುರದ ಫಲವೇನೆಂಬುದನ್ನು ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಕಾಣಬಹುದು. ಭಗವಾನ್ ವೃಷಭದೇವನು ದೀಕ್ಷೆಗೊಂಡಾಗ ಅವನೊಡನೆ 4000 ಮಂದಿ ಅರಸರೂ ದೀಕ್ಷೆಗೊಂಡರು. ಅವರನ್ನು ಪ್ರೇರಿಸಿದ್ದು ತತ್ತ್ವಜ್ಞಾನವಲ್ಲ, ಸ್ವಾಮಿಭಕ್ತಿ. ಭಗವಂತನು ಆರು ತಿಂಗಳ ಉಪವಾಸವನ್ನು ಸಂಕಲ್ಪಿಸಿ ನಿಶ್ಚಲನಾಗಿ ನಿಂತನು. ಅರಸರು ಹಸಿವು ನೀರಡಿಕೆಗಳನ್ನು ತಾಳಲಾರದೆ ಗೆಡ್ಡೆ, ಹಣ್ಣುಗಳನ್ನು ತಿಂದು, ನಾರುಡೆಯನ್ನುಟ್ಟು ಮಾರ್ಗಭ್ರಷ್ಟರಾದರು. ಅವರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ತಾವು ಏನನ್ನು ಕೈಗೊಳ್ಳುತ್ತಿದ್ದೇವೆಂಬ ಅರಿವು ಮಾತ್ರ ಇರಲಿಲ್ಲ.

ಇದನ್ನು ಕಂಡು ಸಾಹಸವೇ ಬೇಡವೆಂದು ನಿರ್ಣಯಿಸುವುದು ಯುಕ್ತವಲ್ಲ. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು ತ್ಯಾಗ, ತಪಸ್ಸು ಇವೆರಡಕ್ಕೂ 'ಶಕ್ತಿಗನುಸಾರವಾಗಿ' ಎಂಬ ವಿಶೇಷಣವನ್ನು ಕೊಟ್ಟಿದೆ. ಸಾಮಾನ್ಯವಾಗಿ ಜನರು ಇದನ್ನು ರಿಯಾಯಿತಿಯೆಂದೇ ತಿಳಿಯುತ್ತಾರೆ. ಆದರೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಪಸ್ಸನ್ನು ವಿವರಿಸುವಾಗ, ತನ್ನ ವೀರ್ಯವನ್ನು ಮರೆಮಾಚದವನು ಮಾರ್ಗಕ್ಕೆ ವಿರೋಧವಾಗದಂತೆ ಆಚರಿಸುವ ಕಾಯಕ್ಲೇಶವೇ ತಪಸ್ಸೆಂಬ ಅರ್ಥವನ್ನು ಹೇಳಿದ್ದಾರೆ. ಇಲ್ಲಿ ಕಟ್ಟಳೆಗಳು ಎರಡು: ಶಕ್ತಿಯನ್ನು ಅಡಗಿಸಬಾರದು, ಮಾರ್ಗವನ್ನು ಮೀರಬಾರದು. ಇದ್ದ ಶಕ್ತಿಯನ್ನು ಇಲ್ಲವೆನ್ನುವವನು ಮೊದಲನೆಯದಕ್ಕೆ ತಪ್ಪುತ್ತಾನೆ. ಇಲ್ಲದ ಶಕ್ತಿಯನ್ನು ಉಂಟೆಂದು ತೋರಿಸಹೊರಟವನು ಎರಡನೆಯದಕ್ಕೆ ತಪ್ಪುತ್ತಾನೆ.

ಹಾಗಾದರೆ ತನ್ನ ಶಕ್ತಿಯೆಷ್ಟೆಂಬುದು ತಿಳಿಯುವ ಬಗೆ ಹೇಗೆ? ಪರೀಕ್ಷಿಸದೆ ಅದು ತಿಳಿಯದು, ಪರೀಕ್ಷೆಗೆ ಮಿತಿಯಿರಬೇಕು. ಇದಕ್ಕಾಗಿಯೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಯಾವಜ್ಜೀವದ ತ್ಯಾಗವನ್ನು ಯಮವೆಂದೂ ವಿಂಗಡಿಸಿದ್ದಾರೆ. ರಾತ್ರಿಭೋಜನವನ್ನು ಜೀವಮಾನವಿಡೀ ಬಿಡಲು ಅಳುಕುವವನು ಚಾತುರ್ಮಾಸದ ನಾಲ್ಕು ತಿಂಗಳು ಬಿಟ್ಟು ನೋಡಬಹುದು. ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನವನ್ನು ರೂಢಿಸಿಕೊಂಡವನು ಮುಂದೆ ಉಪವಾಸಕ್ಕೆ ಅಣಿಯಾಗಬಹುದು. ಶ್ರಾವಕನ ಹನ್ನೊಂದು ಪ್ರತಿಮೆಗಳೂ ಮೆಟ್ಟಿಲುಗಳೇ. ಮೇಲಿನ ಮೆಟ್ಟಿಲಿಗೆ ಕಾಲಿಡುವಾಗ ಕೆಳಗಿನದು ಗಟ್ಟಿಯಾಗಿರಬೇಕು. ಕೆಳಗಿನದು ಗಟ್ಟಿಯಾದ ಮೇಲೂ ಕಾಲೆತ್ತದಿದ್ದರೆ ಅದು ಪ್ರಮಾದ.

ದೇಹದ ಸ್ಥಿತಿಯನ್ನು ಗಮನಿಸುವುದೂ ವಿವೇಕದ ಅಂಗ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸವಿದ್ದರೆ ರಕ್ತದಲ್ಲಿನ ಸಕ್ಕರೆ ಅಪಾಯಕರವಾಗಿ ಇಳಿದು ಪ್ರಜ್ಞೆ ತಪ್ಪಬಹುದು. ಗರ್ಭಿಣಿಯರೂ ವೃದ್ಧರೂ ವೈದ್ಯರ ಮಾತನ್ನು ಕಡೆಗಣಿಸಬಾರದು. ಇಂಥವರಿಗೆ ತಪಸ್ಸಿನ ಬಾಗಿಲು ಮುಚ್ಚಿತೆಂದಲ್ಲ. ಬಾಹ್ಯತಪಸ್ಸುಗಳು ಆರು; ಅನಶನ ಅವುಗಳಲ್ಲಿ ಒಂದು ಮಾತ್ರ. ತುಪ್ಪವನ್ನೋ ಸಿಹಿಯನ್ನೋ ಬಿಡುವ ರಸಪರಿತ್ಯಾಗವೂ ತಪಸ್ಸೇ. ಅಂತರಂಗ ತಪಸ್ಸಿನಲ್ಲಿ ಸ್ವಾಧ್ಯಾಯವಿದೆ. ಅದಕ್ಕೆ ರೋಗವು ಅಡ್ಡಿಯಾಗದು. ಮುಮುಕ್ಷುವು ದೇಹವನ್ನು ಕೇವಲ ಕೃಶಗೊಳಿಸಲೂಬಾರದು, ಮೃಷ್ಟಾನ್ನದಿಂದ ಕೊಬ್ಬಿಸಲೂಬಾರದು ಎಂಬ ಭಾವವು ಆದಿಪುರಾಣದಲ್ಲಿಯೇ ಇದೆ. ಭ್ರಷ್ಟರಾದ ಅರಸರನ್ನು ನೆನೆದು, ಮುಂದಿನ ಯತಿಗಳಿಗೆ ಆಹಾರವಿಧಿಯನ್ನು ತೋರಿಸಲೆಂದೇ ಭಗವಂತನು ಚರ್ಯೆಗೆ ಹೊರಟನು. ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ಕಬ್ಬಿನ ಹಾಲನ್ನಿತ್ತು ಪಾರಣೆ ಮಾಡಿಸಿದನು.

ಇಷ್ಟೆಲ್ಲ ಎಚ್ಚರ ವಹಿಸಿದರೂ ವ್ರತಕ್ಕೆ ಭಂಗ ಬಂದರೇನು ಗತಿ? ಜಿನಶಾಸನದಲ್ಲಿ ಅತಿಚಾರಗಳನ್ನು ಹೆಸರಿಸಿ ಎಣಿಸಿರುವುದು ಸಾಧಕನನ್ನು ಹೆದರಿಸಲಿಕ್ಕಲ್ಲ. ಎಡವುವ ಸ್ಥಳಗಳನ್ನು ಮೊದಲೇ ತೋರಿಸಲಿಕ್ಕೆ. ಎಡವಿದವನು ಗುರುಸನ್ನಿಧಿಯಲ್ಲಿ ಮುಚ್ಚುಮರೆಯಿಲ್ಲದೆ ಆಲೋಚನೆ ಮಾಡಿ ಪ್ರಾಯಶ್ಚಿತ್ತವನ್ನು ಪಡೆದು ಮತ್ತೆ ನಡೆಯಬಹುದು. ಆ ಅರಸರ ಕಥೆಯೂ ಪತನದಲ್ಲಿ ಮುಗಿಯುವುದಿಲ್ಲ. ವೃಷಭದೇವನಿಗೆ ಕೇವಲಜ್ಞಾನವಾದ ಮೇಲೆ ಮರೀಚಿಯೊಬ್ಬನ ಹೊರತು ಉಳಿದ ತಾಪಸರು ತತ್ತ್ವವನ್ನು ಕೇಳಿ ಮರಳಿ ದೀಕ್ಷೆಗೊಂಡರು. ಮೊದಲ ಸಲ ಅರಿಯದೆ ಇಟ್ಟ ಹೆಜ್ಜೆಯನ್ನು ಎರಡನೆಯ ಸಲ ಅರಿತು ಇಟ್ಟರು.

ಆದುದರಿಂದ ನೋಂಪಿಯನ್ನು ಹಿಡಿಯುವ ಶ್ರಾವಕ ಶ್ರಾವಿಕೆಯರು ತಮ್ಮನ್ನು ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ಇದು ಪರರ ಮೆಚ್ಚಿಕೆಗಾಗಿಯೋ, ಕರ್ಮನಿರ್ಜರೆಗಾಗಿಯೋ? ಕಳೆದ ವರ್ಷದ ಶಕ್ತಿಗಿಂತ ಈ ವರ್ಷದ ಸಂಕಲ್ಪವು ಒಂದು ಹೆಜ್ಜೆಯಾದರೂ ಮುಂದಿದೆಯೋ? ಈ ಎರಡಕ್ಕೂ ಮನಸ್ಸು ಪ್ರಾಮಾಣಿಕವಾಗಿ ಸರಿಯಾದ ಉತ್ತರವನ್ನು ಕೊಟ್ಟಲ್ಲಿ, ಉಳಿದ ಅಳುಕನ್ನು ಬದಿಗಿಟ್ಟು ಸಂಕಲ್ಪ ಮಾಡುವುದೇ ಶ್ರೇಯಸ್ಕರ.